ಹಗುರ ಇರಬೇಕು, ಭಾರ ಕಾಣಬೇಕು

ಜಮಖಂಡಿ, ಮುಧೋಳ ಸೀಮೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಕೂತು ದೊಡ್ಡಾಟ ನೋಡಿದವರಿಗೆ ಆ ಗಳಿಗೆ ನೆನಪಿರುತ್ತದೆ. ಮದ್ದಳೆ ಏರುತ್ತದೆ, ಪರದೆ ಸರಿಯುತ್ತದೆ, ಭೀಮ ಅಟ್ಟಕ್ಕೆ ಬಂದು ಮೊದಲ ಹೆಜ್ಜೆ ಹಾಕುತ್ತಾನೆ. ಹಲಗೆ ಗುಡುಗುತ್ತದೆ. ಎರಡೂ ಹೆಗಲ ಮೇಲೆ ಹರಡಿದ ಭುಜಕೀರ್ತಿ ದೀಪಕ್ಕೆ ಥಳಥಳ ಹೊಳೆಯುತ್ತದೆ. ಹಗಲೆಲ್ಲ ಕಬ್ಬಿಗೆ ನೀರು ಹಾಯಿಸಿ ಬಂದ ಮನುಷ್ಯ ಈಗ ತನ್ನ ಅಳತೆಗಿಂತ ಒಂದೂವರೆ ಪಟ್ಟು ಬೆಳೆದು ನಿಂತಿರುತ್ತಾನೆ. ಅವನ ಮೈಮೇಲೆ ಬಂಗಾರವಿಲ್ಲ, ಕಬ್ಬಿಣವಿಲ್ಲ. ಹಗುರ ಕಟ್ಟಿಗೆ, ರಟ್ಟು, ಬೇಗಡೆ, ಕನ್ನಡಿ ಚೂರು, ಮಣಿ, ಅಂಟು, ಒಂದಿಷ್ಟು ಹಗ್ಗ. ಇಷ್ಟೇ ಸಾಮಾನು.

ಬೆಂಗಳೂರಿನ ಕಾಮಿಕ್ ಕಾನ್ ಮೇಳಕ್ಕೆ ಹೋದರೆ ಇನ್ನೊಂದು ಬಗೆಯ ವೀರರು ಸಿಗುತ್ತಾರೆ. ಬಿಳಿ ಕವಚ ತೊಟ್ಟ ಅಂತರಿಕ್ಷದ ಸೈನಿಕ, ಎದೆಯಲ್ಲಿ ನೀಲಿ ದೀಪ ಉರಿಯುವ ಐರನ್ ಮ್ಯಾನ್, ಮುಖವೇ ಕಾಣದ ಉಕ್ಕಿನ ಬೇಟೆಗಾರ. ಇವರೂ ವಾರವಿಡೀ ಕಚೇರಿಯಲ್ಲೋ ಕಾಲೇಜಿನಲ್ಲೋ ಇದ್ದವರು. ಇವರ ಉಕ್ಕೂ ಉಕ್ಕಲ್ಲ, ಚಪ್ಪಲಿ ಅಟ್ಟೆಗೆ ಬಳಸುವ ಜಾತಿಯ ಫೋಮ್ ಹಾಳೆ. ಸಿನಿಮಾ, ಕಾಮಿಕ್ಸ್, ವಿಡಿಯೊ ಗೇಮಿನ ಪಾತ್ರಗಳ ವೇಷವನ್ನು ಸ್ವಂತ ಕೈಯಿಂದ ಮಾಡಿ ತೊಡುವ ಈ ಹವ್ಯಾಸಕ್ಕೆ ಜಗತ್ತೆಲ್ಲ ಕಾಸ್‌ಪ್ಲೇ ಎನ್ನುತ್ತಾರೆ. ಅದರಲ್ಲಿ ಅತ್ಯಂತ ಕಷ್ಟದ, ಅತ್ಯಂತ ಸಮಯ ಬೇಡುವ ಶಾಖೆಯೆಂದರೆ ವೈಜ್ಞಾನಿಕ ಕಥೆಗಳ ಕವಚ ಕಟ್ಟುವುದು.

ದೊಡ್ಡಾಟದ ಭೀಮನೂ ಕಾಮಿಕ್ ಕಾನಿನ ಸೈನಿಕನೂ ಒಂದೇ ಕಸುಬಿನವರು ಎಂಬುದು ನನ್ನ ನಂಬಿಕೆ. ಇಬ್ಬರ ಮುಂದೆಯೂ ಇರುವ ಸವಾಲು ಒಂದೇ. ತೊಟ್ಟದ್ದು ಹಗುರ ಇರಬೇಕು, ನೋಡುವವರಿಗೆ ಭಾರ ಕಾಣಬೇಕು, ಒಳಗಿನ ಮೈ ಕುಣಿಯುವಂತಿರಬೇಕು. ಈ ವಿದ್ಯೆಯ ಅರ್ಧ ಪಾಠ ಕೃಷ್ಣಾ, ಘಟಪ್ರಭಾ ನದಿಗಳ ನಡುವಿನ ನಮ್ಮ ಊರುಗಳಲ್ಲಿ ಮೊದಲಿನಿಂದ ಇದೆ. ಅದು ಕೈಬಿಟ್ಟು ಹೋಗುವ ಮೊದಲು ಹೊಸ ಹುಡುಗರ ಕೈಗೆ ದಾಟಬೇಕು.

ಮೊದಲು ಕಾಸ್‌ಪ್ಲೇ ಕಡೆಯ ಕಥೆ ನೋಡೋಣ. 1939ರ ಜುಲೈ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ವಿಜ್ಞಾನ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ ಸೇರಿತು. ಫಾರೆಸ್ಟ್ ಆ್ಯಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬ ಇಬ್ಬರು ಭವಿಷ್ಯದ ಜನ ತೊಡಬಹುದಾದ ಉಡುಪು ಧರಿಸಿ ಅಲ್ಲಿಗೆ ಬಂದರು. 1936ರ ‘ಥಿಂಗ್ಸ್ ಟು ಕಮ್’ ಸಿನಿಮಾದ ಪ್ರಭಾವ ಆ ಉಡುಪಿನ ಮೇಲಿತ್ತು. ಹೊಲಿದು ಸಿದ್ಧ ಮಾಡಿದವರು ಮರ್ಟಲ್. ಈ ಹವ್ಯಾಸದ ಚರಿತ್ರೆ ಬರೆಯುವವರಲ್ಲಿ ಹೆಚ್ಚಿನವರು ಇವರಿಂದಲೇ ಶುರು ಮಾಡುತ್ತಾರೆ, ಆದರೆ ಬಹುಕಾಲ ಆ್ಯಕರ್‌ಮನ್ ಹೆಸರೇ ಮುಂದಿತ್ತು. ಸೂಜಿ ಹಿಡಿದವರ ಹೆಸರು ಹಿಂದೆ ಸರಿಯುವುದು ನಮ್ಮ ಆಟಗಳಲ್ಲೂ ಉಂಟು. ಭೀಮನ ಪಾತ್ರಧಾರಿಯನ್ನು ಊರು ಮೂರು ತಲೆಮಾರು ನೆನೆಯುತ್ತದೆ, ಅವನ ಕಿರೀಟ ಮಾಡಿದವನನ್ನು ಯಾರೂ ಕೇಳುವುದಿಲ್ಲ.

1977ರಲ್ಲಿ ‘ಸ್ಟಾರ್ ವಾರ್ಸ್’ ಬಂದ ಮೇಲೆ ಕವಚದ ಹುಚ್ಚು ಹಿಡಿಯಿತು. ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಎಳೆದು, ನಡುವಿನ ಗಾಳಿ ಹೀರಿ ಆ ಚಿತ್ರದ ಬಿಳಿ ಸೈನಿಕರ ಕವಚಗಳನ್ನು ತಯಾರಿಸಿದ್ದರು. ಅವನ್ನು ತಯಾರಿಸಿದ ಇಂಗ್ಲೆಂಡಿನ ಆ್ಯಂಡ್ರೂ ಐನ್ಸ್‌ವರ್ತ್ ಮುಂದೆ ಅದೇ ಅಚ್ಚಿನ ಹೆಲ್ಮೆಟ್‌ಗಳನ್ನು ಮಾರತೊಡಗಿದಾಗ ಚಿತ್ರ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. ಆ ಹೆಲ್ಮೆಟ್ ಶಿಲ್ಪವೋ, ಸಿನಿಮಾಕ್ಕೆ ಬೇಕಾದ ಬಳಕೆಯ ವಸ್ತುವೋ ಎಂಬ ಪ್ರಶ್ನೆ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೂ ಏರಿತು. 2011ರಲ್ಲಿ ಕೋರ್ಟು ಅದು ಶಿಲ್ಪವಲ್ಲ ಎಂದು ತೀರ್ಪು ಕೊಟ್ಟಿತು. ಕಾನೂನಿನ ಲೆಕ್ಕ ಏನೇ ಇರಲಿ, ಒಂದು ಶಿರಸ್ತ್ರಾಣದ ಕೆನ್ನೆಯ ಬಾಗು ಸರಿಬರುವವರೆಗೆ ಕೈ ಸವೆಸಿದವರು ಅದನ್ನು ಶಿಲ್ಪವೆಂದೇ ತಿಳಿಯುತ್ತಾರೆ. ನಾನೂ ಅವರ ಕಡೆಯೇ.

1997ರಲ್ಲಿ ಅಮೆರಿಕದ ಸೌತ್ ಕೆರೊಲಿನಾದ ಆಲ್ಬಿನ್ ಜಾನ್ಸನ್ ಕಟ್ಟಿದ ‘501ನೇ ಲೀಜನ್’ ಇಂಥ ಕವಚಧಾರಿಗಳ ಅತಿ ಹೆಸರಾದ ಸಂಘ. ಸದಸ್ಯರಾಗಲು ಕವಚ ಸಿನಿಮಾದಲ್ಲಿದ್ದಂತೆಯೇ ಇರಬೇಕು, ಯಾವ ಪಟ್ಟಿ ಎಲ್ಲಿ ಬರಬೇಕು ಎಂಬುದಕ್ಕೂ ಅಲ್ಲಿ ನಿಯಮವಿದೆ. ಆ ಕವಚ ತೊಟ್ಟು ಅವರು ಮಕ್ಕಳ ಆಸ್ಪತ್ರೆಗಳಿಗೆ ಹೋಗುತ್ತಾರೆ, ದಾನ ಸಂಗ್ರಹಕ್ಕೆ ನಿಲ್ಲುತ್ತಾರೆ, ತಮಗೆಂದು ದುಡ್ಡು ತೆಗೆದುಕೊಳ್ಳುವುದಿಲ್ಲ. 2004ರಲ್ಲಿ ಟಿಮೊತಿ ಝಾನ್ ಈ ಸಂಘದ ಹೆಸರನ್ನು ತಮ್ಮ ಕಾದಂಬರಿಯ ಸೈನ್ಯಕ್ಕೆ ಇಟ್ಟರು, ಮರುವರ್ಷದ ಸಿನಿಮಾದಲ್ಲೂ ಅದು ಸೇರಿತು. ಅಭಿಮಾನಿಗಳು ಕಥೆಯಿಂದ ವೇಷ ತೆಗೆದುಕೊಂಡರು, ಕಥೆ ಅಭಿಮಾನಿಗಳಿಂದ ಹೆಸರು ತೆಗೆದುಕೊಂಡಿತು. ಭಾರತಕ್ಕೆ ಈ ಗಾಳಿ ದೊಡ್ಡದಾಗಿ ಬೀಸಿದ್ದು 2011ರಲ್ಲಿ ದೆಹಲಿಯಲ್ಲಿ ಕಾಮಿಕ್ ಕಾನ್ ಶುರುವಾದ ಮೇಲೆ. ಅಲ್ಲಿಂದ ಬೆಂಗಳೂರಿಗೂ ಬಂತು.

ಇನ್ನು ಮಾಡುವ ಕೆಲಸಕ್ಕೆ ಬರೋಣ. ಒಂದು ಕೈಕಟ್ಟು, ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಬರುವ ಕವಚ ಹೇಗೆ ತಯಾರಾಗುತ್ತದೆ ಎಂದು ತಿಳಿದರೆ ಪೂರ್ತಿ ಕವಚ ತಿಳಿದಂತೆ.

ಕೈಗೆ ಮೊದಲು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಸುತ್ತಬೇಕು. ಅದರ ಮೇಲೆ ಕಾಗದದ ಟೇಪು ಬಿಗಿಯಾಗಿ ಅಂಟಿಸಬೇಕು. ಆ ಟೇಪಿನ ಮೇಲೆ ಪೆನ್ನಿನಿಂದ ಕವಚದ ಗೆರೆ ಎಳೆದು, ಒಳಮೈ ಕಡೆಯಿಂದ ಕತ್ತರಿಸಿ ಬಿಡಿಸಿದರೆ ಕೈಯ ನಿಜವಾದ ಅಳತೆ ಚಪ್ಪಟೆಯಾಗಿ ಸಿಗುತ್ತದೆ. ಇದನ್ನು ಆರು ಮಿಲಿಮೀಟರ್ ದಪ್ಪದ ಫೋಮ್ ಹಾಳೆಯ ಮೇಲಿಟ್ಟು ಬರೆದುಕೊಂಡು ಹರಿತ ಬ್ಲೇಡಿನಿಂದ ಕೊಯ್ಯಬೇಕು. ಬ್ಲೇಡು ಮೊಂಡಾದರೆ ಫೋಮ್ ಹರಿಯುತ್ತದೆ, ಅಂಚು ಜಬ್ಬಾಗುತ್ತದೆ. ಆಮೇಲೆ ಹೀಟ್ ಗನ್ನಿನ ಬಿಸಿಗಾಳಿ. ಕಾದ ಹಾಗೆ ಫೋಮಿನ ಮೇಲ್ಮೈ ತುಸು ಮಿನುಗುತ್ತದೆ, ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆ ಹೊತ್ತಿಗೆ ಬಾಟಲಿಯ ಸುತ್ತ ಬಗ್ಗಿಸಿ ಆರುವವರೆಗೆ ಹಿಡಿದರೆ ಹಾಳೆ ಆ ಬಾಗನ್ನು ಉಳಿಸಿಕೊಳ್ಳುತ್ತದೆ.

ಅಂಟಿಸುವುದರಲ್ಲಿ ಅವಸರ ಸಲ್ಲದು. ಚಪ್ಪಲಿ ಅಂಗಡಿಯಲ್ಲಿ ಸಿಗುವ ಹಳದಿ ಅಂಟನ್ನು ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒಂದಕ್ಕೊಂದು ಒತ್ತಬೇಕು. ಒತ್ತಿದ ಮೇಲೆ ಸರಿಪಡಿಸಲು ಅವಕಾಶವಿಲ್ಲ, ಅಷ್ಟು ಗಟ್ಟಿಯಾಗಿ ಹಿಡಿಯುತ್ತದೆ. ಬಣ್ಣಕ್ಕೂ ಮುನ್ನ ನೀರು ಬೆರೆಸಿದ ಫೆವಿಕಾಲಿನ ಮೂರು ನಾಲ್ಕು ಪದರ ಕೊಡದಿದ್ದರೆ ಫೋಮ್ ಬಣ್ಣವನ್ನು ಕುಡಿದುಬಿಡುತ್ತದೆ. ಕೊನೆಗೆ ಕಪ್ಪು, ಅದರ ಮೇಲೆ ಬೆಳ್ಳಿ ಬಣ್ಣ.

ಇಲ್ಲಿಗೆ ಕೈಕಟ್ಟು ಸಿದ್ಧವಾಗುತ್ತದೆ, ಆದರೆ ನೋಡಿದರೆ ಆಟಿಕೆಯಂತಿರುತ್ತದೆ. ಅದನ್ನು ಲೋಹವಾಗಿಸುವುದು ಕೊಳೆ. ಕಪ್ಪು, ಕಂದು ಬಣ್ಣವನ್ನು ನೀರಾಗಿಸಿ ಪೂರ್ತಿ ಬಳಿದು ತಕ್ಷಣ ಬಟ್ಟೆಯಿಂದ ಒರೆಸಬೇಕು. ಮೇಲ್ಮೈ ಸ್ವಚ್ಛವಾಗುತ್ತದೆ, ಗೀರುಗಳ ಒಳಗೆ ಕಪ್ಪು ಉಳಿಯುತ್ತದೆ. ಒಣ ಕುಂಚಕ್ಕೆ ಚೂರೇ ಬೆಳ್ಳಿ ಹಚ್ಚಿ ಅಂಚುಗಳಿಗಷ್ಟೇ ತೀಡಿದರೆ ಅಲ್ಲಿ ಬಣ್ಣ ಸವೆದು ಉಕ್ಕು ಹೊರಬಿದ್ದಂತೆ ಕಾಣುತ್ತದೆ. ನಾಲ್ಕು ಯುದ್ಧ ಕಂಡ ಕವಚ ಎಂಬ ಭಾವನೆ ಬರುವುದು ಈ ಕೊನೆಯ ಅರ್ಧ ಗಂಟೆಯಲ್ಲಿ.

ದೊಡ್ಡಾಟದ ಕುಶಲಿ ಇದಕ್ಕೆ ನೇರ ವಿರುದ್ಧ ದಾರಿ ಹಿಡಿದಿದ್ದಾನೆ. ಅವನು ಕೊಳೆ ಮಾಡುವುದಿಲ್ಲ, ಹೊಳಪು ಹಚ್ಚುತ್ತಾನೆ. ಕಾರಣ ಬೆಳಕು. ಸಿನಿಮಾದ ಕವಚವನ್ನು ಕ್ಯಾಮೆರಾ ಗೇಣು ದೂರದಿಂದ ನೋಡುತ್ತದೆ, ಅಲ್ಲಿ ಪ್ರತಿ ಗೀರೂ ಮಾತನಾಡುತ್ತದೆ. ಆಟದ ಭುಜಕೀರ್ತಿಯನ್ನು ಕಂದೀಲು, ಗ್ಯಾಸ್ ಬತ್ತಿಯ ಬೆಳಕಿನಲ್ಲಿ ಊರಿನ ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತ ಮುದುಕನೂ ನೋಡಬೇಕಿತ್ತು. ಅಷ್ಟು ದೂರಕ್ಕೆ ಗೀರು ಕಾಣುವುದಿಲ್ಲ. ಕನ್ನಡಿ ಚೂರು ಕಾಣುತ್ತದೆ. ಪಾತ್ರಧಾರಿ ಭುಜ ಅಲುಗಿಸಿದಾಗಲೆಲ್ಲ ನೂರು ಚೂರು ನೂರು ದಿಕ್ಕಿಗೆ ಬೆಳಕು ಎಸೆಯುತ್ತವೆ, ರೌದ್ರ ಎಂಬುದು ಮಾತಿಲ್ಲದೆ ಕೊನೆಯ ಸಾಲಿಗೂ ಮುಟ್ಟುತ್ತದೆ. ಕಡಿಮೆ ಬೆಳಕಿನಲ್ಲಿ ಹೆಚ್ಚು ಕಾಣಿಸುವ ಈ ಲೆಕ್ಕಾಚಾರ ನನಗೆ ಯಾವ ಹಾಲಿವುಡ್ ಕಾರ್ಖಾನೆಯ ಜಾಣ್ಮೆಗೂ ಕಡಿಮೆಯದಾಗಿ ತೋರುವುದಿಲ್ಲ.

ಬಂಗಾರವಿಲ್ಲದೆ ಬಂಗಾರದ ಹೊಳಪು ತೋರಿಸುವ ವಿದ್ಯೆ ನಮ್ಮ ನೆರೆಯಲ್ಲೇ ಇನ್ನೂ ಜೀವಂತವಿದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಕಟ್ಟಿಗೆಯನ್ನು ಕೆತ್ತಿ, ನಾರು, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿದ ‘ಕಿಟ್ಟ’ದಿಂದ ಸಂದುಗಳನ್ನು ತುಂಬಿ ಮೈ ತೀಡುತ್ತಾರೆ. ಆಭರಣಗಳ ಹೊಳಪಿಗೆ ತವರದ ಹಾಳೆ ಬಳಸುವ ಲಾಜವಾರ ಎಂಬ ಕ್ರಮ ಅವರಲ್ಲಿದೆ. ಫೋಮ್ ಕವಚ ಮಾಡುವವರು ಸಂದು ಮುಚ್ಚಲು ಪುಟ್ಟಿ, ಹೊಳಪಿಗೆ ಕ್ರೋಮ್ ಸ್ಪ್ರೇ ಹುಡುಕುತ್ತಾರಲ್ಲ, ಕಿನ್ನಾಳದವರು ಅದೇ ಎರಡು ಕೆಲಸವನ್ನು ಹುಣಸೆ ಬೀಜ ಮತ್ತು ತವರದಿಂದ ಮುಗಿಸಿದ್ದಾರೆ.

ಎಲ್ಲ ಕವಚಗಳ ಪರೀಕ್ಷೆ ನಡೆಯುವುದು ಕೀಲುಗಳಲ್ಲಿ. ಎದೆಗೊಂದು, ಬೆನ್ನಿಗೊಂದು ಫಲಕ ಮಾಡುವುದು ಸುಲಭ. ಮೊಣಕೈ ಮಡಚಬೇಕು, ಕತ್ತು ತಿರುಗಬೇಕು, ಮೆಟ್ಟಿಲು ಹತ್ತಬೇಕು. ತೊಡೆ ಎಲ್ಲಕ್ಕಿಂತ ಕಷ್ಟ. ಅಲ್ಲಿ ಕವಚ ಉದ್ದವಾದರೆ ಕೂರಲಾಗದು, ಗಿಡ್ಡವಾದರೆ ಮೈ ಕಾಣುತ್ತದೆ. ಮುಧೋಳದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಳೆಗಾರರ ಮನೆತನದಲ್ಲಿ ಹುಟ್ಟಿದ ಈ ಊರಿನ ರನ್ನ ಸಾವಿರ ವರ್ಷದ ಹಿಂದೆ ಬರೆದ ‘ಗದಾಯುದ್ಧ’ದಲ್ಲಿ ಅಷ್ಟು ದೊಡ್ಡ ಕೌರವ ಬೀಳುವುದು ತೊಡೆಗೆ ಬಿದ್ದ ಪೆಟ್ಟಿಗೆ. ಕವಚ ಕಟ್ಟುವವರು ಕಂಡುಕೊಂಡ ಉಪಾಯವೆಂದರೆ ಫಲಕಗಳನ್ನು ಬಿಡಿಬಿಡಿಯಾಗಿ ಮಾಡಿ ಒಳಗಿನ ಕಪ್ಪು ಬಟ್ಟೆಗೆ ಇಲಾಸ್ಟಿಕ್, ವೆಲ್ಕ್ರೊಗಳಿಂದ ತೂಗುಬಿಡುವುದು. ಕಾಲೆತ್ತಿದಾಗ ಒಂದು ಫಲಕ ಇನ್ನೊಂದರ ಕೆಳಗೆ ಜಾರಿಕೊಳ್ಳುತ್ತದೆ. ಆಟದಲ್ಲಿ ಸೊಂಟದ ಕೆಳಗೆ ಗಟ್ಟಿ ಕವಚದ ಬದಲು ನೆರಿಗೆಯ ಬಟ್ಟೆ ಬಂದದ್ದೂ ಕುಣಿತದ ಒತ್ತಾಯದಿಂದಲೇ ಇರಬೇಕು. ಇದೇ ಸೀಮೆಯ ಇನ್ನೊಂದು ಬಗೆಯ ಆಟವಾದ ಶ್ರೀಕೃಷ್ಣ ಪಾರಿಜಾತದಲ್ಲಿ ಯುದ್ಧಕ್ಕಿಂತ ಸಂವಾದ, ಹಾಡು, ಸರಸವೇ ಮುಖ್ಯ. ಹಾಗಾಗಿ ಅಲ್ಲಿ ವೇಷವೂ ಹಗುರ. ಲೋಕಾಪುರ ಸೀಮೆಯಲ್ಲಿ ಎರಡೂ ಬಗೆಯ ಆಟ ನೋಡಿದವರಿಗೆ ಕಥೆಗೆ ತಕ್ಕಂತೆ ಕವಚ ಹೇಗೆ ಕರಗುತ್ತದೆ ಎಂಬುದು ಕಣ್ಣಿಗೆ ಬಿದ್ದಿರುತ್ತದೆ.

ಸೆಕೆಯ ಮಾತು ಬೇರೆಯೇ ಇದೆ. ಅಮೆರಿಕದ ಪುಸ್ತಕ ನೋಡಿ ಕವಚ ಕಟ್ಟುವವರು ನಮ್ಮ ಏಪ್ರಿಲ್ ತಿಂಗಳನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬೆವರು ಆರಿದರೆ ಮೈ ತಣ್ಣಗಾಗುತ್ತದೆ, ಫೋಮ್ ಹಾಳೆ ಆ ಆರುವಿಕೆಯನ್ನೇ ತಡೆಯುತ್ತದೆ. ಹೆಲ್ಮೆಟ್ಟಿನೊಳಗೆ ಉಸಿರಿನ ಹಬೆಗೆ ಕನ್ನಡಕ ಮಂಜಾಗುತ್ತದೆ. ಅದಕ್ಕೇ ಅನುಭವಿಗಳು ಕೆನ್ನೆಯ ಹತ್ತಿರ ಪುಟ್ಟ ಕಂಪ್ಯೂಟರ್ ಫ್ಯಾನ್ ಕೂರಿಸಿ ಪವರ್ ಬ್ಯಾಂಕಿನಿಂದ ಓಡಿಸುತ್ತಾರೆ, ಜೊತೆಗೊಬ್ಬ ಗೆಳೆಯ ನೀರಿನ ಬಾಟಲಿ ಹಿಡಿದು ಇರುತ್ತಾನೆ. ಸುತ್ತ ಏನೂ ಕಾಣದ ಕವಚಧಾರಿಗೆ ಮೆಟ್ಟಿಲು ಬಂತು, ಮಗು ಬಂತು ಎಂದು ಹೇಳುವವನೂ ಅವನೇ. ತ್ರೀಡಿ ಪ್ರಿಂಟರಿನಲ್ಲಿ ತೆಗೆದ ಭಾಗಗಳಿಗೆ ಇನ್ನೊಂದು ಅಪಾಯ. ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನಲ್ಲಿಟ್ಟರೆ ತಿಂಗಳುಗಟ್ಟಲೆ ದುಡಿದ ಶಿರಸ್ತ್ರಾಣ ಸಂಜೆಗೆ ಸೊಟ್ಟಗಾಗಿರಬಹುದು. ನಮ್ಮ ಹಿರಿಯರು ಸೆಕೆಗೆ ಯಂತ್ರ ಹುಡುಕಲಿಲ್ಲ, ಹೊತ್ತನ್ನೇ ಬದಲಿಸಿದರು. ಸುಗ್ಗಿ ಮುಗಿದ ಮೇಲೆ, ಹೊತ್ತು ಮುಳುಗಿದ ಮೇಲೆ, ಬಯಲಿನಲ್ಲಿ ಆಟ. ನಮ್ಮ ಊರಲ್ಲಿ ಕವಚ ತೊಡುವವರಿಗೆ ಅದಕ್ಕಿಂತ ಒಳ್ಳೆಯ ಸಲಹೆ ನನ್ನಲ್ಲೂ ಇಲ್ಲ.

ಸಾಮಾನು, ಕೈಗೆಲಸದ ವಿಷಯದಲ್ಲಿ ನಮ್ಮ ತಾಲ್ಲೂಕುಗಳು ಬಡವಲ್ಲ. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಮೊಳೆ ಹೊಡೆಯದೆ ಚರ್ಮದ ಎಳೆಯಿಂದಲೇ ಚರ್ಮ ಹೊಲಿಯುವ ಆ ಕೈಗಳಿಗೆ ಕವಚದ ಪಟ್ಟಿ, ಬಕ್ಕಲ್, ಹೆಗಲ ಕಟ್ಟು ಎಷ್ಟರ ಕೆಲಸ? ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದಿಲ್ಲದ ಓಣಿ ಹುಡುಕಬೇಕು. ಒಳಗೆ ತೊಡುವ ಗಟ್ಟಿ ಹತ್ತಿ ಬಟ್ಟೆಗೆ ಅಲ್ಲಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ಬಾಗಿಲು ಕೆತ್ತುವ ಬಡಿಗೇರರು, ಡಬ್ಬಿ ಬೆಸೆಯುವವರು, ಗಾಡಿಗೆ ಬಣ್ಣ ಹೊಡೆಯುವ ಗ್ಯಾರೇಜಿನವರು ಎಲ್ಲ ಪೇಟೆಯಲ್ಲೂ ಇದ್ದಾರೆ. ಗ್ಯಾರೇಜಿನವರ ಸ್ಪ್ರೇ ಗನ್ ಒಂದು ಮಧ್ಯಾಹ್ನ ಸಿಕ್ಕರೆ ಕವಚದ ಬಣ್ಣ ಮುಗಿದಂತೆ.

ವೇಷ ತೊಡುವ ಮನಸ್ಸಿಗಂತೂ ಬರವಿಲ್ಲ. ಬಾಗಲಕೋಟೆಯ ಹೋಳಿಯಲ್ಲಿ ಸೋಗಿನ ಬಂಡಿಗಳು ಹೊರಡುತ್ತವೆ, ಮೊಹರಂನಲ್ಲಿ ಹುಲಿವೇಷ ಬರುತ್ತದೆ, ಪುರವಂತರು ಕೈಯಲ್ಲಿ ಕತ್ತಿ ಹಿಡಿದು ಒಡಪು ಹೇಳುತ್ತ ಕುಣಿಯುತ್ತಾರೆ. ಪುರವಂತಿಕೆ ಹರಕೆಯ, ಭಕ್ತಿಯ ಸಂಗತಿ, ಅದನ್ನು ಹವ್ಯಾಸದ ಸಾಲಿಗೆ ಸೇರಿಸಲಾರೆ. ಹೋಳಿಯ ಸೋಗಂತೂ ಆಟವೇ. ಬೀಳಗಿಯ ಅಕ್ಕತಂಗಿಯರಾದ ಗೋಹರ್‌ಬಾಯಿ, ಅಮೀರ್‌ಬಾಯಿ ಕರ್ನಾಟಕಿ ಪುಟ್ಟ ಊರಿನಿಂದ ಹೊರಟು ಒಬ್ಬರು ಬಾಲಗಂಧರ್ವರ ರಂಗಭೂಮಿಯಲ್ಲಿ, ಇನ್ನೊಬ್ಬರು ಮುಂಬಯಿಯ ಹಿಂದಿ ಸಿನಿಮಾದಲ್ಲಿ ಹೆಸರು ಮಾಡಿದರು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯನ್ನು ಊರ ಹುಡುಗರೇ ಬಣ್ಣ ಹಚ್ಚಿ ಆಡುತ್ತ ಬಂದ ಜಿಲ್ಲೆ ಇದು. ಹಗಲಿನ ಕೆಲಸ ಬಿಡದೆ ರಾತ್ರಿ ಅಶ್ವತ್ಥಾಮನಾಗುವುದು ಇಲ್ಲಿ ಯಾರಿಗೂ ವಿಚಿತ್ರವೆನಿಸಿಲ್ಲ. ಹೀಗಿರುವಾಗ ಅಂತರಿಕ್ಷ ಸೈನಿಕನಾಗಬೇಕೆಂದು ಫೋಮ್ ಕೊಯ್ಯುತ್ತ ಕೂತ ಹುಡುಗನನ್ನೋ ಹುಡುಗಿಯನ್ನೋ ‘ಉದ್ಯೋಗವಿಲ್ಲದ ಕೆಲಸ’ ಎಂದು ಬೈಯುವುದು ಅನ್ಯಾಯ. ಅಳತೆ, ಜ್ಯಾಮಿತಿ, ಅಂಟು, ಬಣ್ಣ, ವಿದ್ಯುತ್ತಿನ ಸಣ್ಣ ಸರ್ಕ್ಯೂಟು, ತಾಳ್ಮೆ ಇಷ್ಟನ್ನೂ ಒಂದೇ ಹವ್ಯಾಸ ಕಲಿಸುತ್ತದೆ.

ಆಯುಧದ ವಿಷಯದಲ್ಲಿ ಎಚ್ಚರ ಬೇಕು. ಈ ನೆಲಕ್ಕೆ ಆಯುಧದ ಬೆಲೆ ಗೊತ್ತು. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾನೂನಿಗೆ ತಲೆಬಾಗದೆ ಎದ್ದರು. ಊರು ಸುಟ್ಟುಹೋಯಿತು, ಡಿಸೆಂಬರಿನಲ್ಲಿ ಹಲವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಅವರ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಫ್ಲೀಟ್‌ ಅವರೇ ಸಂಗ್ರಹಿಸಿ ಪ್ರಕಟಿಸಿದ್ದಾರೆ. ಆಯುಧ ಅವರಿಗೆ ಬದುಕು, ಮರ್ಯಾದೆ ಎರಡೂ ಆಗಿತ್ತು. ವೇಷದ ಆಯುಧ ಬೇರೆ, ಅದು ನೋಡಿದ ಕೂಡಲೇ ಆಟಿಕೆಯೆಂದು ತಿಳಿಯುವಂತಿರಬೇಕು. ಕಾಮಿಕ್ ಕಾನಿನಂಥ ಮೇಳಗಳಲ್ಲಿ ಹರಿತ ಲೋಹದ ಆಯುಧಕ್ಕೆ ಪ್ರವೇಶವಿಲ್ಲ. ನಿಜವೆನಿಸುವ ಬಂದೂಕು ಹಿಡಿದು ಬಸ್ ನಿಲ್ದಾಣದಲ್ಲಿ ನಿಲ್ಲುವುದಂತೂ ಬೇಡವೇ ಬೇಡ. ಕವಚ ಮಾಡುವಾಗಲೂ ಎಚ್ಚರ ಬೇಕು, ಹಳದಿ ಅಂಟಿನ ಹೊಗೆ, ಫೋಮ್ ತೀಡಿದ ಪುಡಿ ಶ್ವಾಸಕೋಶಕ್ಕೆ ಕೆಟ್ಟವು. ಮಾಳಿಗೆಯ ಮೇಲೆ ಗಾಳಿಯಲ್ಲಿ, ಮಾಸ್ಕ್ ಹಾಕಿಕೊಂಡು ಕೆಲಸ ಮಾಡಬೇಕು.

ನನ್ನ ನಿಜವಾದ ಕಳವಳ ಬಾಡಿಗೆಯದು. ಈಗ ಆಟವೋ ನಾಟಕವೋ ಗೊತ್ತಾದ ಕೂಡಲೇ ಡ್ರೆಸ್ ಅಂಗಡಿಗೆ ಫೋನು ಹೋಗುತ್ತದೆ. ಪರದೆ, ದೀಪ, ಮೈಕಿನ ಜೊತೆಗೆ ಪೆಟ್ಟಿಗೆಯಲ್ಲಿ ಕಿರೀಟ, ಭುಜಕೀರ್ತಿ, ಗದೆ ಬರುತ್ತವೆ. ಅನುಕೂಲ ನಿಜ. ಆದರೆ ಹತ್ತು ಊರಿನ ಹತ್ತು ಭೀಮರಿಗೆ ಒಂದೇ ಅಳತೆ. ಕಿರೀಟ ಸಡಿಲವಾದರೆ ಒಳಗೆ ಟವೆಲ್ ತುರುಕಬೇಕು, ಎದೆಕಟ್ಟು ಬಿಗಿಯಾದರೆ ಉಸಿರು ಹಿಡಿದು ಮಾತನಾಡಬೇಕು. ತನ್ನ ಹೆಗಲಿಗೆ ಅಳತೆ ತೆಗೆದು ಮಾಡಿದ ಭುಜಕೀರ್ತಿ ತೊಟ್ಟವನ ಹೆಜ್ಜೆಯೇ ಬೇರೆ ಇರುತ್ತದೆ. ಆ ಅಳತೆ ತೆಗೆಯುವವರು, ಕಟ್ಟಿಗೆ ಆರಿಸುವವರು, ಬೇಗಡೆ ಅಂಟಿಸುವವರು ಮುದುಕರಾಗುತ್ತಿದ್ದಾರೆ. ಬಾಡಿಗೆ ಪೆಟ್ಟಿಗೆ ಬಂದ ಮೇಲೆ ಅವರ ಮನೆಗೆ ಯಾರೂ ಕೆಲಸ ಹೊತ್ತು ಹೋಗುವುದಿಲ್ಲ.

ಇಲ್ಲಿಯೇ ಹೊಸ ಹವ್ಯಾಸಿಗಳು ಬೇಕು. ಫೋಮಿನಲ್ಲಿ ಕವಚ ಕಟ್ಟಬಲ್ಲ ಹುಡುಗರಿಗೆ ಭುಜಕೀರ್ತಿ ಕಟ್ಟುವುದು ವಾರದ ಕಲಿಕೆ. ಹಗ್ಗ ಎಲ್ಲಿ ದಾಟಬೇಕು, ಭಾರ ಹೆಗಲಿಗೆ ಬಿಡಬೇಕೋ ಬೆನ್ನಿಗೆ ಬಿಡಬೇಕೋ ಎಂಬುದನ್ನು ಹಿರಿಯರು ತೋರಿಸಬೇಕು, ಅಷ್ಟೇ. ಹಿರಿಯರಿಗೂ ಲಾಭವಿದೆ. ಫೋಮ್ ಹಾಳೆ ಕಟ್ಟಿಗೆಗಿಂತ ಹಗುರ, ಕುಣಿತದಲ್ಲಿ ಬಿದ್ದರೂ ಒಡೆಯುವುದಿಲ್ಲ. ಕರ್ನಾಟಕ ಬಯಲಾಟ ಅಕಾಡೆಮಿಯ ಕಚೇರಿ ಬಾಗಲಕೋಟೆಯಲ್ಲೇ ಇದೆ. ಪದ, ಕುಣಿತಕ್ಕೆ ಶಿಬಿರ ನಡೆಸುವಂತೆ ಕಿರೀಟ, ಭುಜಕೀರ್ತಿ ಮಾಡುವುದಕ್ಕೂ ಅದು ಬೇಸಿಗೆ ಶಿಬಿರ ನಡೆಸಲಿ. ಒಂದು ಕಡೆ ಆಟದ ಮಾಸ್ತರರನ್ನೂ ಬೇಗಡೆ ಕೆಲಸದವರನ್ನೂ, ಇನ್ನೊಂದು ಕಡೆ ಕವಚ ಕಟ್ಟುವ ಕಾಲೇಜು ಹುಡುಗರನ್ನೂ ಕೂರಿಸಲಿ. ಇದಕ್ಕೆ ಬೇಕಾಗುವುದು ಶಾಲೆಯೊಂದರ ಪಡಸಾಲೆ, ನಾಲ್ಕು ದಿನ.

ಓದುಗರಲ್ಲೂ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ ಊರ ಗುಡಿಯ ಪೆಟ್ಟಿಗೆಯಲ್ಲೋ ಹಳೆಯ ಕಿರೀಟ, ಭುಜಕೀರ್ತಿ, ಎದೆಕಟ್ಟು ಬಿದ್ದಿದ್ದರೆ ಗುಜರಿಗೆ ಹಾಕಬೇಡಿ. ದೊಡ್ಡ ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಅಂಚು ಬರೆದುಕೊಳ್ಳಿ, ಹಗ್ಗದ ತೂತುಗಳು ಎಲ್ಲೆಲ್ಲಿವೆ ಎಂದು ಗುರುತು ಹಾಕಿ, ಹಿಂದೆ ಮುಂದೆ ಫೋಟೊ ತೆಗೆಯಿರಿ, ಮಾಡಿದವರ ಹೆಸರು ಗೊತ್ತಿದ್ದರೆ ಅದೇ ಕಾಗದದ ಮೂಲೆಯಲ್ಲಿ ಬರೆಯಿರಿ. ಆ ಒಂದು ಕಾಗದವಿದ್ದರೆ ಕಟ್ಟಿಗೆಯಲ್ಲಾಗಲಿ, ಫೋಮಿನಲ್ಲಾಗಲಿ ಅದನ್ನು ಮತ್ತೆ ಮಾಡಬಹುದು.